ಫ್ರೀಮಾಂಟ್ ಬೀದಿಯಲ್ಲಿ ಒಳ್ಳೆ ಎಲೆ ಬಂದಾಗ

ಲಾಸ್ ವೇಗಸ್ ಅಂದ್ರೆ ಎಲ್ಲರ ಫೋಟೋದಲ್ಲೂ ಬರೋದು ಸ್ಟ್ರಿಪ್. ಬೆಲಾಜಿಯೋ ಕಾರಂಜಿ, ನಕಲಿ ಐಫೆಲ್ ಟವರ್, ಅಷ್ಟೇ. ಬೆಂಗಳೂರಿಂದ ಕಾನ್ಫರೆನ್ಸ್‌ಗೆ ಅಂತ ಹೋಗುವ ಐಟಿಯವರು ಅದನ್ನೇ ಎರಡು ಸುತ್ತು ಹಾಕಿ ವಾಪಸ್ ಬರ್ತಾರೆ. ಇಸ್ಪೀಟಿನ ಮೇಲೆ ಸ್ವಲ್ಪ ಪ್ರೀತಿ ಇದ್ದರೆ ಒಂದು ಸಂಜೆ ‘ಡ್ಯೂಸ್’ ಅನ್ನೋ ಡಬಲ್ ಡೆಕ್ಕರ್ ಬಸ್ ಹತ್ತಿ, ಉತ್ತರಕ್ಕೆ, ಹಳೇ ಊರಿನ ಫ್ರೀಮಾಂಟ್ ಬೀದಿಗೆ ಹೋಗಿ.

ಅಲ್ಲಿ ಗಾಡಿ ಓಡಾಟ ಇಲ್ಲ. ತಲೆ ಮೇಲೆ ಬೀದಿಯುದ್ದಕ್ಕೂ ಕಮಾನಿನಂಥ ಛಾವಣಿ, ಅದರ ತುಂಬಾ ಓಡಾಡುವ ಬಣ್ಣದ ಬೆಳಕು. ಅದರ ಕೆಳಗೆ ಜಿಪ್ ಲೈನ್‌ನಲ್ಲಿ ಕಿರುಚಿಕೊಂಡು ಹಾರಿಹೋಗುವ ಜನ. ಸದ್ದು ಅಂದ್ರೆ ನಮ್ಮ ಜಾತ್ರೆಯದ್ದೇ ಸದ್ದು. ಈ ಗಲಾಟೆ ನಡುವೆ ಬಿನಿಯನ್ಸ್ ಅನ್ನೋ ಹಳೇ ಕ್ಯಾಸಿನೋ ಇದೆ. ಟೆಕ್ಸಸ್‌ನಿಂದ ಬಂದ ಬೆನ್ನಿ ಬಿನಿಯನ್ 1951ರಲ್ಲಿ ‘ಹಾರ್ಸ್‌ಶೂ’ ಅಂತ ಹೆಸರಿಟ್ಟು ತೆರೆದದ್ದು. ಪೋಕರ್‌ನ ವಿಶ್ವ ಸರಣಿ ಶುರುವಾದದ್ದು 1970ರಲ್ಲಿ, ಇಲ್ಲೇ. 2005ರಲ್ಲಿ ಸರಣಿ ಇಲ್ಲಿಂದ ಹೊರಟುಹೋಯಿತು, ಈಗ ಸ್ಟ್ರಿಪ್‌ನಲ್ಲಿ ನಡೆಯುತ್ತೆ. ತಮಾಷೆ ಏನಂದ್ರೆ ‘ಹಾರ್ಸ್‌ಶೂ’ ಅನ್ನೋ ಹೆಸರೂ ಅದರ ಹಿಂದೆಯೇ ಸ್ಟ್ರಿಪ್‌ಗೆ ಹೋಗಿದೆ. ಗೂಗಲ್ ಮ್ಯಾಪ್‌ನಲ್ಲಿ ಹಾರ್ಸ್‌ಶೂ ಅಂತ ಹಾಕಿದರೆ ತಪ್ಪು ಜಾಗಕ್ಕೆ ಇಳೀತೀರಿ.

ನಾನು ಬಿನಿಯನ್ಸ್ ನೋಡಬೇಕು ಅಂದುಕೊಂಡದ್ದು ಒಂದೇ ಒಂದು ಆಟಕ್ಕಾಗಿ: 1988ರ ಫೈನಲ್. ಉಳಿದವರು ಇಬ್ಬರೇ. ಹಿಂದಿನ ವರ್ಷವೂ ಗೆದ್ದಿದ್ದ ಜಾನಿ ಚಾನ್, ನ್ಯೂಯಾರ್ಕಿನಿಂದ ಬಂದ ಎರಿಕ್ ಸೈಡೆಲ್. ಗೊತ್ತಿಲ್ಲದವರಿಗೆ ಒಂದು ಮಾತು: ಈ ಆಟದಲ್ಲಿ ಕೈಯಲ್ಲಿ ಎರಡು ಎಲೆ, ಮೇಜಿನ ಮೇಲೆ ಎಲ್ಲರಿಗೂ ಸೇರಿದ ಐದು. ಮೊದಲು ಮೂರು ತೆರೆದರೆ ಅದು ಫ್ಲಾಪ್, ಆಮೇಲೆ ಒಂದು ಟರ್ನ್, ಕೊನೆಯದು ರಿವರ್. ಪ್ರತಿ ಸಲವೂ ಬೆಟ್ ಹಾಕಬಹುದು, ಅಥವಾ ಚೆಕ್ ಅಂತ ಸುಮ್ಮನಿರಬಹುದು.

ಚಾನ್ ಕೈಲಿ ಗುಲಾಮ ಮತ್ತು 9. ಫ್ಲಾಪ್‌ನಲ್ಲಿ ರಾಣಿ, 10, 8. ಅಂದರೆ 8ರಿಂದ ರಾಣಿವರೆಗೆ ಸಾಲಾಗಿ ಐದು. ಆ ಕ್ಷಣಕ್ಕೆ ಅದಕ್ಕಿಂತ ದೊಡ್ಡ ಕೈ ಇರೋಕೇ ಸಾಧ್ಯ ಇಲ್ಲ. ಸೈಡೆಲ್ ಕೈಲಿ ಒಂದು ರಾಣಿ, ಒಂದು 7. ಅವನಿಗೆ ಜೋಡಿ ಸಿಕ್ಕಿದೆ, ಅದೇ ದೊಡ್ಡದು ಅಂದುಕೊಂಡಿದ್ದಾನೆ. ಫ್ಲಾಪ್‌ನಲ್ಲಿ ಚಾನ್ ಬರೀ ಕಾಲ್ ಮಾಡಿದ. ಟರ್ನ್‌ನಲ್ಲಿ ಇಬ್ಬರೂ ಚೆಕ್. ರಿವರ್‌ನಲ್ಲೂ ಚಾನ್ ಚೆಕ್. ಸೈಡೆಲ್ ಇದ್ದದ್ದೆಲ್ಲವನ್ನೂ ಮುಂದೆ ತಳ್ಳಿದ. ಚಾನ್‌ಗೆ 7 ಲಕ್ಷ ಡಾಲರ್ ಬಹುಮಾನ.

1998ರಲ್ಲಿ ಬಂದ ‘ರೌಂಡರ್ಸ್’ ಸಿನಿಮಾದಲ್ಲಿ ಮ್ಯಾಟ್ ಡೇಮನ್ ಈ ಆಟದ ಟೇಪನ್ನೇ ಹಾಕಿಕೊಂಡು ನೋಡ್ತಾನೆ. ಅಲ್ಲಿಂದ ಪೋಕರ್ ಕಲಿತವರೆಲ್ಲ ಚಾನ್ ಆಗೋಕೆ ಹೊರಟರು: ಒಳ್ಳೆ ಎಲೆ ಬಂದ್ರೆ ಸುಮ್ಮನೆ ಕೂತ್ಕೋ, ಬಲೆ ಬೀಸು. ನನ್ನ ಪ್ರಕಾರ ಆ ದೃಶ್ಯದಿಂದ ಜನ ಗಳಿಸಿದ್ದಕ್ಕಿಂತ ಕಳೆದದ್ದೇ ಜಾಸ್ತಿ.

ಮಾರನೇ ದಿನ ಸ್ಟ್ರಿಪ್‌ನ ಒಂದು ಪೋಕರ್ ರೂಮಿನಲ್ಲಿ ಕಣ್ಣಾರೆ ನೋಡಿದೆ. (21 ತುಂಬಿರಬೇಕು, ಪಾಸ್‌ಪೋರ್ಟ್ ಜೇಬಲ್ಲಿರಲಿ.) ಜೊತೆಗಿದ್ದ ಸಹೋದ್ಯೋಗಿ 200 ಡಾಲರ್ ಚಿಪ್ಸ್ ತಗೊಂಡು ಕೂತ, ಅದು ಹೋದರೆ ಎದ್ದು ಬರೋದು ಅಂತ ನಮ್ಮ ಒಪ್ಪಂದ. ಅವನಿಗೆ ಎರಡು 8 ಬಂತು. ಫ್ಲಾಪ್‌ನಲ್ಲಿ ರಾಜ, ಇನ್ನೊಂದು 8, ಒಂದು 5. ಮೂರು 8 ಆಯ್ತಲ್ಲ! ಆದರೆ 8 ಮತ್ತು 5 ಎರಡೂ ಕಳಾವರ್. ಮಧ್ಯದಲ್ಲಿ 30 ಡಾಲರ್. ಇವನು ಚೆಕ್. ಉಳಿದಿಬ್ಬರೂ ಚೆಕ್. ಟರ್ನ್‌ನಲ್ಲಿ ಮೂರನೇ ಕಳಾವರ್ ಬಿತ್ತು, ಟೋಪಿ ಹಾಕಿದ್ದ ಮುದುಕಪ್ಪ 20 ಹಾಕಿದ, ರಿವರ್‌ನಲ್ಲಿ 60 ಹಾಕಿದ. ಇವನು ಎರಡಕ್ಕೂ ಕಾಲ್. ಮುದುಕಪ್ಪನ ಕೈಲಿ ಎರಡು ಕಳಾವರ್.

“ಯಾಕೋ ಫ್ಲಾಪ್‌ನಲ್ಲಿ ಸುಮ್ನಿದ್ದೆ?” ಅಂದೆ.

“ಬೆಟ್ ಹಾಕಿದ್ರೆ ಎಲ್ಲಾ ಓಡೋಗ್ತಾರೆ ಅನ್ಕೊಂಡೆ ಗುರು.”

ಓಡಿಹೋಗೋದಿಲ್ಲ, ಅದೇ ವಿಷಯ. ವೇಗಸ್‌ನ ಸಣ್ಣ ಮೇಜಿಗೆ ಜನ ಬರೋದು ರಜಾ ಕಳೆಯೋಕೆ, ಫೋಲ್ಡ್ ಮಾಡೋಕಲ್ಲ. ಅಲ್ಲಿ 20 ಹಾಕಿದ್ದರೆ ಮುದುಕಪ್ಪ 50 ಗೆಲ್ಲೋಕೆ 20 ಕೊಡಬೇಕಿತ್ತು. ಲೆಕ್ಕ ಸರಿಹೋಗೋಕೆ ಏಳರಲ್ಲಿ ಎರಡು ಸಲ ಅವನಿಗೆ ಕಳಾವರ್ ಬರಬೇಕು. ಆದರೆ ಅವನು ಕಾಣದ 47 ಎಲೆಗಳಲ್ಲಿ ಕಳಾವರ್ ಉಳಿದಿರೋದು 9, ಅಂದರೆ ಐದರಲ್ಲಿ ಒಂದು ಸಲಕ್ಕೂ ಸ್ವಲ್ಪ ಕಮ್ಮಿ. ಅವನು ಆಗಲೂ ಕಾಲ್ ಮಾಡುತ್ತಿದ್ದ, ಬಹುಶಃ ಆಗಲೂ ಗೆಲ್ಲುತ್ತಿದ್ದ. ಆದರೆ ಆ ಎಲೆಯನ್ನು ದುಡ್ಡು ಕೊಟ್ಟು ತಗೋಬೇಕಿತ್ತು. ಇವನು ಪುಕ್ಕಟೆ ಕೊಟ್ಟ.

ಇನ್ನೊಂದು ಲೆಕ್ಕ ಯಾರೂ ಹಾಕೋದೇ ಇಲ್ಲ. ಮಧ್ಯದಲ್ಲಿ 30 ಇದೆ, ಎದುರಿಗೆ ಒಬ್ಬನೇ, ಎಲ್ಲಕ್ಕೂ ಕಾಲ್ ಮಾಡುವವನು ಅಂತಿಟ್ಟುಕೊಳ್ಳಿ. ಫ್ಲಾಪ್‌ನಲ್ಲಿ 20 ಹಾಕಿದರೆ ಮೊತ್ತ 70. ಟರ್ನ್‌ನಲ್ಲಿ 45 ಹಾಕಿದರೆ 160. ರಿವರ್‌ನಲ್ಲಿ 100 ಹಾಕಿದರೆ 360. ಫ್ಲಾಪ್ ಒಂದರಲ್ಲಿ ಸುಮ್ಮನಿದ್ದು ಅದೇ ಪ್ರಮಾಣದಲ್ಲಿ ಹಾಕುತ್ತಾ ಹೋದರೆ 160ಕ್ಕೇ ನಿಲ್ಲುತ್ತೆ. ಬಿಟ್ಟದ್ದು 20 ಡಾಲರ್ ಬೆಟ್, ಕೈತಪ್ಪಿದ್ದು 200ರ ಮೊತ್ತ.

ಹಾಗಾದರೆ ಚಾನ್ ಮಾಡಿದ್ದು ತಪ್ಪಾ? ಇಲ್ಲ. ಅವನೆದುರು ಇದ್ದದ್ದು ಒಬ್ಬನೇ, ಅವನೂ ತಾನಾಗೇ ಬೆಟ್ ಹಾಕುವಂಥವನು. ಫ್ಲಾಪ್‌ನ ಮೂರೂ ಎಲೆ ಬೇರೆ ಬೇರೆ ಬಣ್ಣದವು, ಮುಂದಿನ ಎಲೆಯಿಂದ ಹೆಚ್ಚು ಭಯ ಇರಲಿಲ್ಲ. ಈ ಮೂರೂ ಒಟ್ಟಿಗೆ ಸಿಗೋದು ಅಪರೂಪ.

ಇದೇ ಬಿನಿಯನ್ಸ್‌ನಲ್ಲಿ 2003ರ ಫೈನಲ್ ನೋಡಿ. ಟೆನೆಸ್ಸಿಯ ಅಕೌಂಟೆಂಟ್ ಕ್ರಿಸ್ ಮನಿಮೇಕರ್ (ನಿಜವಾದ ಹೆಸರೇ!) ಕೈಲಿ 5, 4. ಫ್ಲಾಪ್‌ನಲ್ಲಿ ಗುಲಾಮ, 5, 4; ಗುಲಾಮ ಮತ್ತು 5 ಇಸ್ಪೀಟ್. ಎರಡು ಜೋಡಿ ಸಿಕ್ಕಿದ್ದರೂ ಅವನು ಮೊದಲು ಚೆಕ್ ಮಾಡಿದ. ಗುಲಾಮನ ಜೋಡಿ ಇದ್ದ ಸ್ಯಾಮ್ ಫರ್ಹಾ ಬೆಟ್ ಹಾಕಿದ ತಕ್ಷಣ, ಟರ್ನ್‌ವರೆಗೂ ಕಾಯದೆ ಅಲ್ಲೇ ರೈಸ್. ಎಲ್ಲ ದುಡ್ಡೂ ಫ್ಲಾಪ್‌ನಲ್ಲೇ ಒಳಗೆ ಬಂತು, 25 ಲಕ್ಷ ಡಾಲರ್ ಮನಿಮೇಕರ್‌ಗೆ. ಸಿನಿಮಾದವರಿಗೆ ಚಾನ್ ಆಟ ಚೆಂದ ಕಂಡಿರಬಹುದು. ನನಗಂತೂ ಇದೇ ಹೆಚ್ಚು ಇಷ್ಟ.

ಊರಿಗೆ ಬಂದು ಮೊಬೈಲ್‌ನಲ್ಲಿ ಮುಂದುವರಿಸೋಣ ಅಂದುಕೊಂಡರೆ ದಾರಿಯಿಲ್ಲ. ದುಡ್ಡಿಟ್ಟು ಆಡುವ ಆನ್‌ಲೈನ್ ಆಟಗಳನ್ನು 2025ರ ಕೇಂದ್ರ ಕಾನೂನು ನಿಷೇಧಿಸಿದೆ, ಪೋಕರ್ ಕೂಡ ಅದರಲ್ಲಿ ಸೇರಿದೆ.

ಸಹೋದ್ಯೋಗಿಗೆ ಕೊನೆಗೊಮ್ಮೆ ಎರಡು ರಾಜ ಬಂತು. ಈ ಸಲ ಫ್ಲಾಪ್‌ನಲ್ಲಿ ತಡಮಾಡದೆ 15 ಹಾಕಿದ. ಮುದುಕಪ್ಪ ಸೇರಿ ಎಲ್ಲರೂ ಫೋಲ್ಡ್. ಬಂದದ್ದು ಬರೀ 12 ಡಾಲರ್. ನನ್ನ ಕಡೆ ತಿರುಗಿ ನೋಡಿದ ನೋಟ ಹೇಳೋ ಹಾಗಿಲ್ಲ. ಇಬ್ಬರೂ ಎದ್ದು ಆ 12 ಡಾಲರಿಗೆ ಎರಡು ಕಾಫಿ ಸಿಗುತ್ತಾ ಅಂತ ಹುಡುಕಿಕೊಂಡು ಹೊರಟೆವು.