ನಿದ್ರೆಯಲ್ಲಿ ಹಲ್ಲು ಕಡಿಯುವವರು

ಅರಕಲಗೂಡು ತಾಲ್ಲೂಕಿನ ರಾಮನಾಥಪುರದ ತಂಬಾಕು ಹರಾಜು ಮಾರುಕಟ್ಟೆಯಲ್ಲಿ, ಸಾಲಾಗಿ ಇಟ್ಟ ಬೇಲುಗಳ ಪಕ್ಕದಲ್ಲಿ ತನ್ನ ಸರದಿಗಾಗಿ ಕಾದು ನಿಂತ ರೈತನ ಮುಖವನ್ನು ಹತ್ತಿರದಿಂದ ನೋಡಿದವರಿಗೆ, ಅವನ ಬಾಯಿಂದ ಒಂದು ಮಾತೂ ಹೊರಡದಿದ್ದರೂ, ಕಿವಿಯ ಕೆಳಗೆ ದವಡೆಯ ಸ್ನಾಯು ಗಂಟುಕಟ್ಟಿ ಏಳುವುದೂ ಇಳಿಯುವುದೂ ಕಾಣಿಸದೆ ಇರದು. ದುಡಿದವನು ತಾನು, ಬೆಲೆ ನಿಶ್ಚಯಿಸುವವರು ಅನ್ಯರು. ಹಲ್ಲು ಕಚ್ಚಿಕೊಂಡು ನಿಲ್ಲುವುದೊಂದೇ ಅವನ ಪಾಲಿಗೆ ಉಳಿದುದು. ಎಷ್ಟೋ ಜನರಲ್ಲಿ ಈ ಬಿಗಿತ ರಾತ್ರಿಯೂ ಸಡಿಲದೆಂಬುದನ್ನು ಮಗ್ಗುಲಲ್ಲಿ ಮಲಗುವವರು ಬಲ್ಲರು. ಮಲಗಿದವನು ಮಾತ್ರ ಅರಿಯನು.

ಮಗು ನಿದ್ರೆಯಲ್ಲಿ ಕಟಕಟನೆ ಹಲ್ಲು ಕಡಿದರೆ, “ಹೊಟ್ಟೇಲಿ ಜಂತುಹುಳ ಆಗವೆ ಕಣವ್ವ” ಎಂದು ನಮ್ಮ ಸೀಮೆಯ ಹಿರಿಯರು ತೀರ್ಪು ಕೊಡುವುದುಂಟು. ಹುಳುವಿನ ಔಷಧ ಮಕ್ಕಳಿಗೆ ಬೇಕಾದುದೇ ಸರಿ. ಆದರೆ ಹಲ್ಲು ಕಡಿಯುವುದಕ್ಕೆ ಹುಳುವೇ ಕಾರಣವೆಂಬುದು ಸಿದ್ಧಪಟ್ಟಿಲ್ಲ, ಮತ್ತು ಬಹುಪಾಲು ಮಕ್ಕಳಲ್ಲಿ ಈ ಅಭ್ಯಾಸ ಬೆಳೆಯುತ್ತ ತಾನಾಗಿಯೇ ನಿಂತುಹೋಗುತ್ತದೆ.

ದೊಡ್ಡವರ ವಿಷಯ ಬೇರೆ. ಚನ್ನರಾಯಪಟ್ಟಣದ ನಮ್ಮ ದೊಡ್ಡಮ್ಮನವರು ತೆಂಗಿನ ತೋಟದ ಸಾಲವನ್ನು ಒಬ್ಬರಿಗೂ ಹೇಳದೆ ಹೊತ್ತವರು. ಅವರ ದವಡೆಹಲ್ಲುಗಳ ಏರುತಗ್ಗುಗಳೆಲ್ಲ ಸವೆದು ಸಮತಟ್ಟಾಗಿ, ಬಿಳಿಯ ಹೊರಪದರದೊಳಗಿನ ಹಳದಿ ಕಾಣುತ್ತಿತ್ತು, ನಾಲಗೆಯ ಅಂಚಿನಲ್ಲಿ ಹಲ್ಲಿನ ಗುರುತುಗಳು ಮೂಡಿದ್ದವು. ಬೆಳಗ್ಗೆ ಏಳುತ್ತಲೇ ಕಪೋಲಗಳು ನೋಯುತ್ತಿದ್ದವು. ಕೊಬ್ಬರಿಯ ಚೂರನ್ನೂ ಅಗಿಯಲಾರದೆ, ಎಲ್ಲವೂ ವಯೋಧರ್ಮವೆಂದು ಅವರು ಸುಮ್ಮನಿದ್ದುಬಿಟ್ಟರು. ಸಹನೆಯನ್ನು ನಾವು ಇಷ್ಟು ಹೊಗಳುವುದು ನ್ಯಾಯವಲ್ಲವೆಂದು ನನಗೆ ಅನ್ನಿಸಿದುದು ಆ ಹಲ್ಲುಗಳನ್ನು ನೋಡಿ.

ಹಲ್ಲುಗಳ ಜೋಡಣೆಯ ದೋಷವೇ ಹಲ್ಲು ಕಡಿಯುವುದರ ಮೂಲವೆಂದು ವೈದ್ಯರು ಬಹುಕಾಲ ನಂಬಿದ್ದರು. ನಿದ್ರೆಯ ಪರಿಶೀಲನೆಯಿಂದ ತಿಳಿದುಬಂದುದು ಬೇರೆ: ನಿದ್ರೆ ಕ್ಷಣಕಾಲ ತೆಳುವಾಗಿ ಎದೆಬಡಿತ ಏರಿದ ಬೆನ್ನಿಗೇ ದವಡೆಯ ಸ್ನಾಯುಗಳು ಬಿಗಿಯುತ್ತವೆ. ಮನಸ್ಸಿನ ಉದ್ವೇಗ, ಧೂಮಪಾನ, ಮದ್ಯ, ಹೊತ್ತುಮೀರಿದ ಕಾಫಿ ಇದನ್ನು ಹೆಚ್ಚಿಸುತ್ತವೆ. ಖಿನ್ನತೆಗೆ ಕೊಡುವ ಕೆಲವು ಔಷಧಗಳಿಂದಲೂ ಇದು ಬರುವುದುಂಟು. ಹಲ್ಲಿನ ಅಚ್ಚು ತೆಗೆದು ಮಾಡಿಸಿ ರಾತ್ರಿ ತೊಡುವ ಕವಚ ಹಲ್ಲನ್ನು ಸವೆತದಿಂದ ಕಾಯುತ್ತದೆ, ಚಟವನ್ನು ಬಿಡಿಸದು.

ಆದುದರಿಂದ ಮನೆಯವರಲ್ಲಿ ನನ್ನ ಬಿನ್ನಹವಿಷ್ಟು: ರಾತ್ರಿ ಆ ಸದ್ದು ಕೇಳಿದರೆ ಗದರಿಸಿ ಎಬ್ಬಿಸಬೇಡಿರಿ, ಬೆಳಗ್ಗೆ ಅವರಿಗೆ ತಿಳಿಸಿರಿ, ಏನು ಚಿಂತೆಯೆಂದು ಕೇಳಿರಿ. ಹಗಲಿನಲ್ಲಿ ತುಟಿ ಮುಚ್ಚಿದ್ದರೂ ಮೇಲು ಕೆಳಗಿನ ಹಲ್ಲುಗಳು ಬಿಟ್ಟುಕೊಂಡೇ ಇರತಕ್ಕವು, ಇದನ್ನು ಆಗಾಗ ನೆನಪಿಸಿರಿ. ಹಲ್ಲು ತೋರಿಸಿ ಕವಚ ಮಾಡಿಸಬೇಕಾದರೆ, ಹೊಳೆನರಸೀಪುರದಿಂದಾಗಲಿ ಚನ್ನರಾಯಪಟ್ಟಣದಿಂದಾಗಲಿ ಹಾಸನ ದೂರವಲ್ಲ. ದಂತ ವೈದ್ಯ ಕಾಲೇಜಿನ ಆಸ್ಪತ್ರೆ ಅಲ್ಲಿಯೇ ಇದೆ.