ವಿನಿಮಯ ಅಂದ್ರೆ ಆಯ ಇದ್ದಂಗಾ?

ನಮ್ಮ ಹಟ್ಟಿಗೆ ವಿನಿಮಯ ಎಂಬ ಮಾತು ಹೊಸದು, ಕೊಟ್ಟು ತೆಗೆದುಕೊಳ್ಳುವುದು ಹೊಸದಲ್ಲ. ನಮ್ಮಜ್ಜ ಊರಿನ ಒಕ್ಕಲು ಮನೆಗಳಿಗೆ ವರ್ಷವಿಡೀ ಮಿಣಿ ಹೊಸೆದು ಕೊಡುತ್ತಿದ್ದ. ಕಪಿಲೆಗೆ ತೊಗಲಿನ ಚೀಲ ಹೊಲಿದು ಕೊಡುತ್ತಿದ್ದ, ಎಕ್ಕಡ ಮಾಡುತ್ತಿದ್ದ, ಸತ್ತ ದನ ಎಳೆಯುತ್ತಿದ್ದ, ಜಾತ್ರೆಗೂ ಸಾವಿಗೂ ತಮಟೆ ಬಡಿಯುತ್ತಿದ್ದ. ಸುಗ್ಗಿಯಲ್ಲಿ ಕಣದ ಅಂಚಿಗೆ ಹೋಗಿ ನಿಂತರೆ ಒಂದೋ ಎರಡೋ ಮೊರ ರಾಗಿ ಸುರಿಯುತ್ತಿದ್ದರು. ಇದಕ್ಕೆ ಆಯ ಅಂತ ಹೆಸರು. ಎಷ್ಟು ಎನ್ನುವುದನ್ನು ಕೊಡುವವನೇ ತೀರ್ಮಾನಿಸುತ್ತಿದ್ದ. ತೆಗೆದುಕೊಳ್ಳುವವನು ಕಣದೊಳಗೆ ಕಾಲಿಡುವಂತಿರಲಿಲ್ಲ.

ಆದ್ದರಿಂದಲೇ 2008ರಲ್ಲಿ, ನಾನು ಚಿತ್ರಕಲಾ ಶಾಲೆಯ ಕೊನೆಯ ವರ್ಷದಲ್ಲಿದ್ದಾಗ, ಜರ್ಮನಿಯ ಒಂದು ಕಲಾಶಾಲೆಗೆ ಐದು ತಿಂಗಳು ವಿನಿಮಯ ವಿದ್ಯಾರ್ಥಿಯಾಗಿ ಹೋಗುವ ಕಾಗದ ಬಂದಾಗ ಅಪ್ಪ ಕೇಳಿದ ಪ್ರಶ್ನೆ ಸರಿಯಾಗಿಯೇ ಇತ್ತು.

"ವಿನಿಮಯ ಅಂದ್ರೆ ನಮ್ಮ ಆಯ ಇದ್ದಂಗೇನಪ್ಪ? ಅವ್ರಿಗೆ ನೀನೇನ್ ಕೊಡ್ತೀಯ, ಅವ್ರು ನಿಂಗೇನ್ ಕೊಡ್ತಾರೆ? ಎಷ್ಟು ಅಂತ ಹೇಳೋರು ಯಾರು?"

ನಾನು ಫೀಜಿನ ವಿಷಯ ಹೇಳಿದೆ. ನಮ್ಮ ಶಾಲೆಗೆ ಕಟ್ಟಿದ ಫೀಜೇ ಸಾಕು, ಅಲ್ಲಿ ಬೇರೆ ಕಟ್ಟಬೇಕಿಲ್ಲ, ಅಲ್ಲಿಯ ಹುಡುಗರು ಇಲ್ಲಿಗೆ ಬಂದರೂ ಹಾಗೆಯೇ. ಅಪ್ಪನಿಗೆ ಇದು ಸಮಾಧಾನ ತರಲಿಲ್ಲ. "ವಿಮಾನಕ್ಕೆ?" ಅಂದ.

ಗೆಳೆಯರೇ, ವಿನಿಮಯದ ಗುಟ್ಟೆಲ್ಲ ಈ ಒಂದು ಪ್ರಶ್ನೆಯಲ್ಲಿದೆ. ಫೀಜು ಮನ್ನಾ ಎಂದು ದೊಡ್ಡ ಅಕ್ಷರದಲ್ಲಿ ಬರೆಯುತ್ತಾರೆ. ವಿಮಾನ, ವೀಸಾ, ವಿಮೆ, ಚಳಿಗೆ ಒಂದು ಕೋಟು, ಮೊದಲ ತಿಂಗಳ ಬಾಡಿಗೆ ಎಂಬುವನ್ನು ಎಲ್ಲಿಯೂ ಬರೆಯುವುದಿಲ್ಲ. ಅದನ್ನೆಲ್ಲ ಕಟ್ಟಬಲ್ಲ ಮನೆಯ ಮಗನೇ ಬರುತ್ತಾನೆ ಎಂಬ ನಂಬಿಕೆ. ಆ ಶಾಲೆಯವರು ತಿಂಗಳಿಗಿಷ್ಟು ಖರ್ಚಿಗೆ ಕೊಡುವುದಾಗಿ ಬರೆದಿದ್ದರು ನಿಜ. ಆದರೆ ಅದು ಕೈಗೆ ಬರುವುದು ಅಲ್ಲಿಗೆ ಹೋಗಿ ಮುಟ್ಟಿದ ಮೇಲೆ. ಹೋಗಿ ಮುಟ್ಟುವುದಕ್ಕೆ ನನಗೆ ಎಂಬತ್ತು ಸಾವಿರ ಬೇಕಿತ್ತು.

ಅವ್ವನ ಬೆಂಡೋಲೆ ತರೀಕೆರೆಯಲ್ಲಿ ಹೋಯಿತು. ಅಪ್ಪ ಈರುಳ್ಳಿ ಹೊಲದ ಧಣಿಯಿಂದ ಮುಂಗಡ ತಂದ. ಎರಡು ಸುಗ್ಗಿ ಅಲ್ಲೇ ದುಡಿದು ತೀರಿಸುವ ಕರಾರು. ಹಾಸ್ಟೆಲಿನ ಗೆಳೆಯರು ಕಡೂರು ಬಸ್‌ಸ್ಟ್ಯಾಂಡಿನಲ್ಲಿ ತಮಟೆ ಬಡಿದು ಡಬ್ಬಿ ಹಿಡಿದರು. "ಚಿತ್ರ ಬರೆಯೋಕೆ ವಿಮಾನ ಯಾಕ್ ಬೇಕ್ಲಾ, ಗ್ವಾಡೆ ಸಾಲ್ದಾ?" ಅಂದ ಒಬ್ಬ ಮುದುಕ, ಹಾಗನ್ನುತ್ತಲೇ ಹತ್ತು ರೂಪಾಯಿ ಹಾಕಿದನಂತೆ. ಆಗ ಅಜ್ಜಂಪುರ ತರೀಕೆರೆ ತಾಲ್ಲೂಕಿನ ಹೋಬಳಿ, ಈಗಿನ ಹಾಗೆ ತಾಲ್ಲೂಕಲ್ಲ. ಒಂದೊಂದು ಸರ್ಟಿಫಿಕೇಟಿಗೂ ತರೀಕೆರೆಗೇ ಅಲೆಯಬೇಕು. ಅಜ್ಜಂಪುರ ಇರುವುದು ದಾವಣಗೆರೆಗೆ ಹೋಗುವ ರೈಲಿನ ದಾರಿಯಲ್ಲಿ, ತರೀಕೆರೆ ಶಿವಮೊಗ್ಗಕ್ಕೆ ಹೋಗುವ ದಾರಿಯಲ್ಲಿ. ಎರಡೂ ಸೇರುವುದು ಬೀರೂರಿನಲ್ಲಿ. ಪಾಸ್‌ಪೋರ್ಟಿನ ಹೊತ್ತಿಗೆ ಬೀರೂರು ಜಂಕ್ಷನ್ನಿನ ಬೆಂಚುಗಳೆಲ್ಲ ನನಗೆ ಪರಿಚಯವಾಗಿದ್ದವು.

ಅಕ್ಟೋಬರಿನಲ್ಲಿ ಹೋದೆ. ಚಳಿ, ಬ್ರೆಡ್ಡು, ಭಾಷೆ ಇವನ್ನು ಹೋದವರೆಲ್ಲ ಬರೆದಿದ್ದಾರೆ, ನಾನು ಬಿಡುತ್ತೇನೆ. ನನಗೆ ಕಂಡ ದೊಡ್ಡ ಸಂಗತಿ ಅಚ್ಚಿನ ಮನೆ. ರಾತ್ರಿ ಹನ್ನೊಂದಕ್ಕೂ ವಿದ್ಯಾರ್ಥಿಯ ಕೈಯಲ್ಲಿ ಅದರ ಬೀಗದ ಕೈ. ನಮ್ಮಲ್ಲಿ ಎಷ್ಟೋ ಕಡೆ ಯಂತ್ರಕ್ಕೆ ಬಟ್ಟೆ ಹೊದಿಸಿ ಕುಂಕುಮ ಇಟ್ಟಿರುತ್ತಾರೆ, ಆಯುಧಪೂಜೆಗೆ ಮಾತ್ರ ಅದರ ದರ್ಶನ.

ಮೊದಲ ತಿಂಗಳಲ್ಲೇ ಮೇಷ್ಟ್ರು ಹೇಳಿದರು: ನಿನ್ನ ಪರಂಪರೆಯನ್ನು ತಂದು ತೋರಿಸು. ಅವರ ದನಿಯಲ್ಲಿ ಕೆಟ್ಟದ್ದೇನೂ ಇರಲಿಲ್ಲ. ನಮ್ಮ ದೇಶದಿಂದ ಬಂದ ಬೇರೆ ಹುಡುಗರು ರಂಗೋಲಿ, ಬುದ್ಧ, ಗಣಪತಿ ತೋರಿಸಿ ಚಪ್ಪಾಳೆ ಗಿಟ್ಟಿಸಿದ್ದರು. ನಾನೂ ಅಮೃತಾಪುರವನ್ನು ತೋರಿಸಬಹುದಿತ್ತು. ತರೀಕೆರೆ ಹತ್ತಿರದ ಅಮೃತೇಶ್ವರ ದೇವಾಲಯ 1196ರದ್ದು, ಹೊಯ್ಸಳರ ಕಾಲದ್ದು, ಗೋಡೆಯ ಮೇಲೆ ರಾಮಾಯಣ, ಮಹಾಭಾರತ. ರೂವಾರಿ ಮಲ್ಲಿತಮ್ಮ ಕೆಲಸ ಮಾಡಿದ ಜಾಗ ಅದು. ತಾನು ಕೆತ್ತಿದ್ದರ ಕೆಳಗೆ ತನ್ನ ಹೆಸರು ಕೆತ್ತಿಕೊಂಡ ಪುಣ್ಯಾತ್ಮ. ಆದರೆ ನಮ್ಮೂರಿನಿಂದ ಬಸ್ಸಿನಲ್ಲಿ ಹೋಗಿಬರುವಷ್ಟು ಹತ್ತಿರದ ಆ ಗೋಡೆಯನ್ನು ನಾನು ಮೊದಲು ನೋಡಿದ್ದು ಕಲಾಶಾಲೆಯ ಪುಸ್ತಕದಲ್ಲಿ. ಅದನ್ನು ನನ್ನದು ಅಂತ ಹೇಗೆ ಒಯ್ಯಲಿ? ನಾನು ಒಯ್ಯಬಲ್ಲದ್ದು ಅಜ್ಜನ ಮಿಣಿ. ಅದರ ಕೆಳಗೆ ಯಾವ ಹೆಸರೂ ಇಲ್ಲ.

ಮರದ ಹಲಗೆಯಲ್ಲಿ ಒಂಬತ್ತು ಚಿತ್ರ ಕೆತ್ತಿದೆ. ಸತ್ತ ಎತ್ತು, ಸುಲಿಯುವ ಕೈ, ಸುಣ್ಣದ ತೊಟ್ಟಿ, ತಂಗಡಿ ಚಕ್ಕೆಯ ನೀರು, ಹದವಾದ ತೊಗಲು, ಮಿಣಿ, ಕಪಿಲೆ, ಕಣ, ಕಣದ ಅಂಚಿನಲ್ಲಿ ನಿಂತ ಮನುಷ್ಯ. ಅಚ್ಚು ಗೋಡೆಗೆ ಹಚ್ಚಿದ ದಿನ ಕೊನೆಯ ಚಿತ್ರದ ಮುಂದೆ ಒಬ್ಬಳು ನಿಂತು, ಈತ ಯಾಕೆ ಒಳಗೆ ಬರುತ್ತಿಲ್ಲ ಎಂದು ಕೇಳಿದಳು. ಹೇಳಿದೆ. ಅರ್ಧ ಇಂಗ್ಲಿಷು, ಅರ್ಧ ಕೈಸನ್ನೆ.

ಆಗ ಅಚ್ಚಿನ ಮನೆಯ ಮುದುಕ ಕೆಲಸಗಾರನೊಬ್ಬ ಹೇಳಿದ್ದು ನನ್ನ ನಿದ್ದೆ ಕೆಡಿಸಿತು. ಅವರ ಹಳೆಯ ಪಟ್ಟಣಗಳಲ್ಲೂ ತೊಗಲು ಹದ ಮಾಡುವವರ ಮನೆಗಳು ಊರಂಚಿನಲ್ಲಿ, ನೀರಿನ ದಂಡೆಯಲ್ಲಿ ಇರುತ್ತಿದ್ದವು. ಸತ್ತ ದನ ಎಳೆದು ಸುಲಿಯುವವರ ಪಾಡು ಅದಕ್ಕಿಂತ ಕೀಳು. ಅವರು ಮಾನವಿಲ್ಲದ ಜನ ಎಂದೇ ಲೆಕ್ಕ, ಅವರನ್ನು ಮುಟ್ಟಿದವನಿಗೂ ಆ ಕಳಂಕ ಅಂಟುತ್ತಿತ್ತು. ಅವರ ಮಕ್ಕಳನ್ನು ಬೇರೆ ಕಸುಬಿನ ಸಂಘಗಳು ಸೇರಿಸಿಕೊಳ್ಳುತ್ತಿರಲಿಲ್ಲ. 1731ರಲ್ಲಿ ಇಂಥ ಕಟ್ಟಳೆಗಳನ್ನು ತೆಗೆಯುವ ಕಾನೂನು ಬಂತು, ಆದರೆ ಸುಲಿಯುವವರನ್ನು ಅದರಿಂದಲೂ ಹೊರಗೆ ಬಿಟ್ಟಿದ್ದರು. ಅವರ ಮಕ್ಕಳಿಗೆ ಬಾಗಿಲು ತೆರೆಯಲು 1772ರ ಇನ್ನೊಂದು ಕಾನೂನು ಬೇಕಾಯಿತು. ಕಾನೂನು ಬಂದ ಕೂಡಲೇ ಜನ ಬದಲಾಗಲಿಲ್ಲ, ಬಹಳ ಕಾಲ ಹಿಡಿಯಿತು. ಈಗ ಹದ ಮಾಡುವವರ ಬೀದಿಗಳನ್ನು ಪ್ರವಾಸಿಗಳು ಫೋಟೋ ಹಿಡಿಯುತ್ತಾರೆ. ಗೆರ್ಬರ್ ಅಂತ ಮನೆತನದ ಹೆಸರು ಎಷ್ಟೋ ಜನಕ್ಕಿದೆ. ಅರ್ಥ, ತೊಗಲು ಹದ ಮಾಡುವವನು. ಆ ಹೆಸರಿನವನಿಗೆ ಬಾಡಿಗೆ ಮನೆ ಸಿಗದೇ ಹೋಗುವುದಿಲ್ಲ.

ಅಂದರೆ ಇದು ದೇವರು ಮಾಡಿದ್ದಲ್ಲ, ಪೂರ್ವಜನ್ಮದ್ದಲ್ಲ, ತೊಗಲಿನ ವಾಸನೆಯದೂ ಅಲ್ಲ. ಇದನ್ನು ಕ್ಲಾಸಿನಲ್ಲಿ ನಾವು ಓದಿದ್ದೆವು, ಭಾಷಣದಲ್ಲಿ ಹೇಳಿದ್ದೆವು. ಅಪ್ಪನ ಪ್ರಶ್ನೆಗೆ ಉತ್ತರವಾಗಿ ನಾನು ತಂದದ್ದು ಇದನ್ನೇ: ಅದೇ ಕಸುಬು, ಅದೇ ಹೇಸಿಗೆ ಇನ್ನೊಂದು ನಾಡಿನಲ್ಲಿ ಇತ್ತು, ಮನುಷ್ಯರು ಮಾಡಿದ್ದರು, ಮನುಷ್ಯರೇ ಅಳಿಸಿದರು. ಅದು ನನಗೆ ಗೊತ್ತಾದದ್ದು ನಾನು ಅಜ್ಜನ ಮಿಣಿಯನ್ನು ಅವರ ಮುಂದೆ ಇಟ್ಟದ್ದರಿಂದ.

ಆದರೆ ಆ ದೇಶದಲ್ಲೂ ಜಾತಿ ಕೇಳುವವರು ಸಿಕ್ಕರು. ನಮ್ಮವರೇ. ವಿದ್ಯಾರ್ಥಿಗಳ ವಸತಿಯಲ್ಲಿದ್ದ ನಮ್ಮ ದೇಶದ ಒಬ್ಬ ಹುಡುಗ ಮೊದಲ ದಿನವೇ "ಪೂರ್ತಿ ಹೆಸರೇನು?" ಅಂದ. ನಮ್ಮದು ಇನಿಷಿಯಲ್ಲು, ಅವನಿಗೆ ಸಿಗಲಿಲ್ಲ. "ವೆಜ್ಜಾ?" ಅಂದ. "ಫಾದರ್ ಏನ್ ಮಾಡ್ತಾರೆ?" ಅಂದ. ಮೂರನೆಯದಕ್ಕೆ ಸಿಕ್ಕಿತು. ಮಾರನೆಯ ದಿನದಿಂದ ಅಡುಗೆಮನೆಯಲ್ಲಿ ಅವನ ಪಾತ್ರೆ ಬೇರೆ ಕಪಾಟಿನಲ್ಲಿ, ಚಿಲಕ ಹಾಕಿಕೊಂಡು.

ಬರ್ಲಿನ್ನಿಗೆ ಹೋದದ್ದು ಕೆಥೆ ಕೋಲ್ವಿಟ್ಸ್‌ಳ ಚಿತ್ರ ನೋಡಲು. ಆಕೆಯ ಮ್ಯೂಸಿಯಂ ಆಗ ಫಸಾನೆನ್ ಸ್ಟ್ರಾಸೆಯ ಒಂದು ಹಳೆಯ ಮನೆಯಲ್ಲಿತ್ತು, 2022ರಲ್ಲಿ ಜಾಗ ಬದಲಾಯಿತು. ಆಕೆ ಹುಟ್ಟಿದ್ದು 1867ರಲ್ಲಿ. ಹೆಂಗಸರನ್ನು ಅಕಾಡೆಮಿಗೆ ಸೇರಿಸದ ಕಾಲ, ಹೆಂಗಸರಿಗೇ ಬೇರೆ ಇದ್ದ ಶಾಲೆಗಳಲ್ಲಿ ಕಲಿತಳು. ಗಂಡ ಬರ್ಲಿನ್ನಿನ ಬಡವರ ಡಾಕ್ಟರು. ಅವನ ದವಾಖಾನೆಗೆ ಬರುವ ಹೆಂಗಸರ ಮುಖಗಳೇ ಆಕೆಯ ಚಿತ್ರಗಳಲ್ಲಿವೆ. 1919ರಲ್ಲಿ ಅದೇ ಅಕಾಡೆಮಿ ಆಕೆಯನ್ನು ಸದಸ್ಯೆಯಾಗಿ ಕರೆಯಿತು, 1933ರಲ್ಲಿ ನಾಜಿಗಳು ಹೊರಗೆ ಹಾಕಿಸಿದರು.

ಆಕೆಯ 'ರೈತರ ಯುದ್ಧ' ಏಳು ಚಿತ್ರಗಳ ಸರಣಿ, 1525ರ ಜರ್ಮನ್ ರೈತರ ದಂಗೆಯನ್ನು ಕುರಿತದ್ದು. ಮೊದಲನೆಯದರಲ್ಲಿ ಇಬ್ಬರು ಗಂಡಸರು ನೇಗಿಲಿಗೆ ಕಟ್ಟಿಸಿಕೊಂಡು ಎಳೆಯುತ್ತಿದ್ದಾರೆ. ಮೈ ನೆಲಕ್ಕೆ ಸಮನಾಗಿ ಬಾಗಿದೆ. ನಾನು ನೋಡಿದ್ದು ಅವರ ಹೆಗಲಿನ ಪಟ್ಟಿಯನ್ನು. ಅದನ್ನು ಹೊಲಿದವನು ಯಾರು? ಅವನೂ ಆ ದಂಗೆಯಲ್ಲಿ ಇದ್ದನೇ? ಐದನೆಯ ಚಿತ್ರದಲ್ಲಿ ಒಬ್ಬ ಹೆಂಗಸು ನಮಗೆ ಬೆನ್ನು ಮಾಡಿ ಎರಡೂ ಕೈ ಎತ್ತಿದ್ದಾಳೆ, ಜನ ಮುನ್ನುಗ್ಗುತ್ತಿದ್ದಾರೆ. ಬೀರೂರಿನಲ್ಲಿ ರೈಲು ಬದಲಾಯಿಸಿ ತರೀಕೆರೆ, ಶಿವಮೊಗ್ಗ ದಾಟಿ ಸಾಗರಕ್ಕೆ ಹೋದರೆ ಕಾಗೋಡು ಹತ್ತಿರ. 1951ರಲ್ಲಿ ಅಲ್ಲಿ ಗೇಣಿದಾರರು ಎದ್ದು ನಿಂತರು. ನಮ್ಮ ಕಲಾಶಾಲೆಯ ನಾಲ್ಕು ವರ್ಷಗಳಲ್ಲಿ ಕಾಗೋಡಿನ ಹೆಸರನ್ನು ಒಬ್ಬರೂ ಎತ್ತಲಿಲ್ಲ. ಹೂಜಿ, ಸೇಬು ಮಾತ್ರ ನೂರಾರು ಬರೆಸಿದರು.

ಮರುವರ್ಷ ಅಲ್ಲಿಂದ ಒಬ್ಬ ಹುಡುಗಿ ನಮ್ಮ ಶಾಲೆಗೆ ಬಂದಳು, ವಿನಿಮಯದ ಇನ್ನೊಂದು ಅರ್ಧ. ಅವಳನ್ನು ಎಲ್ಲರೂ ಬೇಲೂರು, ಹಳೇಬೀಡು, ಅಮೃತಾಪುರ ಅಂತ ಸುತ್ತಿಸಿದರು. ನಾನು ಹಟ್ಟಿಗೆ ಕರೆದುಕೊಂಡು ಬಂದೆ. ಅಜ್ಜಿ ಅವಳಿಗೆ ಮುದ್ದೆ ನುಂಗುವುದನ್ನು ಕಲಿಸಿದಳು, ಅವಳು ಅಜ್ಜಿಯ ಕೈಯ ಚಿತ್ರ ಬರೆದಳು. ಬಿಳಿ ಹುಡುಗಿ ಬಂದವಳೆ ಎಂದು ಸುದ್ದಿಯಾಗಿ, ಹಟ್ಟಿಗೆ ಎಂದೂ ಬಾರದಿದ್ದ ಊರಿನ ಹಿರಿಯರೊಬ್ಬರು ಬೇಲಿಯ ತನಕ ಬಂದು ಕಾಫಿಗೆ ಕರೆದರು. ಅವಳು ಅವ್ವನ ಕೈ ಹಿಡಿದುಕೊಂಡೇ ಹೊರಟಳು. ಕಾಫಿ ಜಗಲಿಗೇ ಬಂತು. ಅವಳಿಗೆ ಸ್ಟೀಲ್ ಲೋಟ, ಅವ್ವನಿಗೂ ನನಗೂ ಪ್ಲಾಸ್ಟಿಕ್ ಲೋಟ. ಅವಳು ಎರಡನ್ನೂ ನೋಡಿದಳು, ಏನೂ ಕೇಳಲಿಲ್ಲ. ಆ ವರ್ಷ ಅವಳು ಮಾಡಿದ ಅಚ್ಚುಗಳಲ್ಲಿ ದೇವಸ್ಥಾನ ಒಂದೂ ಇಲ್ಲ, ಮೂರು ಲೋಟ ಇವೆ.

ಈಗ ಇದನ್ನೆಲ್ಲ ಬರೆಯಲು ಕಾರಣವಿದೆ. ನಾನು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರು. ನನ್ನ ಕೈಯಲ್ಲಿ ಕಲಿತ ಕಡೂರು ಕಡೆಯ ಹುಡುಗಿಯೊಬ್ಬಳಿಗೆ ಅಂಥದೇ ಕಾಗದ ಬಂದಿದೆ. ಖರ್ಚಿಗೆ ಕೊಡುತ್ತೇವೆ ಎಂಬ ಸಾಲು ಅದರಲ್ಲಿಲ್ಲ. ಹಾಗಿದ್ದಾಗ ಜರ್ಮನಿಯ ವೀಸಾಕ್ಕೆ ಖರ್ಚಿನ ಹಣವನ್ನು ಮೊದಲೇ ಬ್ಯಾಂಕಿನಲ್ಲಿ ಕಟ್ಟಿ ತೋರಿಸಬೇಕು. 2024ರ ಸೆಪ್ಟೆಂಬರಿನಿಂದ ಅದು ತಿಂಗಳಿಗೆ 992 ಯೂರೋ. ನಮ್ಮ ದುಡ್ಡಿನಲ್ಲಿ 90 ಸಾವಿರಕ್ಕೂ ಮೇಲೆ. ಐದು ತಿಂಗಳಿಗೆ ಲೆಕ್ಕ ಹಾಕಿ.

ಸರ್ಕಾರದ ಸ್ಕಾಲರ್‌ಶಿಪ್ಪು ಇಲ್ಲವೇ ಅಂತ ಕೇಳುತ್ತೀರಿ. ಬರೋಡದ ಸಯಾಜಿರಾವ್ ಮಹಾರಾಜರು 1913ರಲ್ಲಿ ತಿಂಗಳಿಗೆ ಹನ್ನೊಂದೂವರೆ ಪೌಂಡು ಕೊಟ್ಟದ್ದರಿಂದ ಬಾಬಾಸಾಹೇಬರು ನ್ಯೂಯಾರ್ಕಿಗೆ ಹೋದರು. ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ 1954ರಿಂದ ಇದೆ. 2022ರ ನಿಯಮದ ಪ್ರಕಾರ ಇಡೀ ದೇಶಕ್ಕೆ 125 ಸೀಟು, ಅದರಲ್ಲಿ ಪರಿಶಿಷ್ಟ ಜಾತಿಗೆ 115. ಸ್ನಾತಕೋತ್ತರ ಪದವಿ ಮತ್ತು ಪಿಎಚ್.ಡಿ.ಗೆ ಮಾತ್ರ. ಐದು ತಿಂಗಳ ವಿನಿಮಯ ಅದರೊಳಗೆ ಬರುವುದೇ ಇಲ್ಲ. ಸೇರುವ ವಿಶ್ವವಿದ್ಯಾಲಯ ಜಗತ್ತಿನ ಮೊದಲ 500ರ ಪಟ್ಟಿಯಲ್ಲಿರಬೇಕು. ಬರೀ ಕಲೆ ಕಲಿಸುವ ಶಾಲೆಗಳು ಆ ಒಟ್ಟು ಪಟ್ಟಿಯಲ್ಲಿ ಸಿಗುವುದು ಕಷ್ಟ. ತರೀಕೆರೆಯ ಪಕ್ಕದ ಭದ್ರಾವತಿಯಲ್ಲಿ ಹುಟ್ಟಿದ ಶೀಲಾ ಗೌಡ ಬೆಂಗಳೂರಿನ ಕೆನ್ ಕಲಾಶಾಲೆ, ಶಾಂತಿನಿಕೇತನ ದಾಟಿ 1986ರಲ್ಲಿ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟಿನಿಂದ ಎಂ.ಎ. ಪಡೆದರು. ಹಿಂದಿರುಗಿ ಬಂದು ಸಗಣಿಯಲ್ಲಿ, ಕೂದಲಲ್ಲಿ, ಕುಂಕುಮದ ದಾರದಲ್ಲಿ ಕೆಲಸ ಮಾಡಿ ಜಗತ್ತಿಗೆ ತೋರಿಸಿದರು. ಆ ಕಾಲೇಜು ಕಲೆಯ ಶಾಲೆಗಳ ಪಟ್ಟಿಯಲ್ಲಿ ವರ್ಷಗಟ್ಟಲೆ ಮೊದಲನೆಯದು, ಆದರೂ ಒಟ್ಟು ಪಟ್ಟಿಯಲ್ಲಿ ಇಲ್ಲ. ಇನ್ನೊಂದು ಸಾಲನ್ನೂ 2022ರಲ್ಲಿ ಸೇರಿಸಿದರು: ಭಾರತದ ಸಂಸ್ಕೃತಿ, ಪರಂಪರೆ, ಇತಿಹಾಸ, ಸಮಾಜ ಕುರಿತ ಅಧ್ಯಯನಕ್ಕೆ ಈ ಹಣ ಇಲ್ಲ. ಮಿಣಿಯ ಬಗ್ಗೆ ಓದಲು ಹೋಗುತ್ತೇನೆ ಅಂದರೆ ಇಲ್ಲ. ಆಯವನ್ನು ಅಳೆಯುವವನು ಈಗಲೂ ಕಣದ ಒಳಗೇ ನಿಂತಿದ್ದಾನೆ, ಮೊರ ಮಾತ್ರ ಬದಲಾಗಿದೆ.

ಆದ್ದರಿಂದ ಮೇಷ್ಟ್ರುಗಳಲ್ಲಿ, ಹಾಸ್ಟೆಲಿನ ಗೆಳೆಯರಲ್ಲಿ ನೇರವಾಗಿ ಕೇಳುತ್ತೇನೆ. ವಿಮಾನಕ್ಕೂ ಬ್ಯಾಂಕಿಗೂ ಹಣ ಕೂಡಿಸಬೇಕು. ಜೊತೆಗೆ ನಿಮ್ಮ ನಿಮ್ಮ ಕಡೆಯ ಕಲಾಶಾಲೆಗಳಿಗೆ ಹೋಗಿ, ವಿನಿಮಯಕ್ಕೆ ಯಾರನ್ನು ಕಳಿಸಿದಿರಿ, ಯಾವ ಹುಡುಗ ಹಣವಿಲ್ಲದೆ ಬಿಟ್ಟುಕೊಟ್ಟ ಎಂಬ ಪಟ್ಟಿ ಕೇಳಿ. ಬಿಟ್ಟುಕೊಟ್ಟವರ ಹೆಸರು ಎಲ್ಲೂ ದಾಖಲಾಗುವುದಿಲ್ಲ.

ಮೊನ್ನೆ ಆ ಹುಡುಗಿ ಏನೇನು ತಗೊಂಡು ಹೋಗ್ಲಿ ಸಾ ಅಂತ ಕೇಳಿದಳು. ಸ್ವೆಟರು ಅಲ್ಲೇ ಹಳೇ ಬಟ್ಟೆ ಅಂಗಡೀಲಿ ಅಗ್ಗಕ್ಕೆ ಸಿಗ್ತದೆ, ಕಾರದ ಪುಡಿ ಒಯ್ಯಿ ಅಂದೆ. ನಿಮ್ಮಜ್ಜಿ ಕೈಯಲ್ಲಿ ಮಾಡಿದ್ದು ಏನಾದ್ರೂ ಒಂದು ಇಟ್ಕೊ ಅಂದೆ. ಕೆತ್ತೋ ಉಳಿಗಳನ್ನ ಮಾತ್ರ ಕೈಚೀಲದಲ್ಲಿ ಇಡಬೇಡ ಕಣಮ್ಮ, ದೊಡ್ಡ ಪೆಟ್ಟಿಗೇಲಿ ಹಾಕು, ಏರ್‌ಪೋರ್ಟಿನೋರು ಕಿತ್ಕೋತಾರೆ ಅಂತಲೂ ಹೇಳಿದೆ.