ಮೊದಲನೆಯ ಆಪ್ಷನ್

ಸಿಇಟಿ ರ‍್ಯಾಂಕ್ ಬಂದ ದಿನದಿಂದ ಮನೆಮನೆಯಲ್ಲೂ ಒಂದೇ ಪ್ರಶ್ನೆ: "ಈ ರ‍್ಯಾಂಕಿಗೆ ಏನು ಸಿಗುತ್ತೆ?" ಮಗುವಿಗೆ ಏನು ಬೇಕು ಅನ್ನುವುದು ಆಮೇಲಿನ ಮಾತು. ಎಷ್ಟೋ ಮನೆಗಳಲ್ಲಿ ಆ ಮಾತು ಬರುವುದೇ ಇಲ್ಲ. ತಿಪಟೂರಿನಲ್ಲಿ ಪಿಯುಸಿಗೆ ಗಣಿತ ಪಾಠ ಮಾಡುವ ನನ್ನ ಹತ್ತಿರ ವರ್ಷವೂ ಅಪ್ಪಂದಿರು, ಅಮ್ಮಂದಿರು ಮಕ್ಕಳನ್ನು ಕರೆದುಕೊಂಡು ಬರುತ್ತಾರೆ. ಕೈಯಲ್ಲಿ ಹಿಂದಿನ ವರ್ಷದ ಕಟ್‌ಆಫ್ ಪಟ್ಟಿಯ ಜೆರಾಕ್ಸ್ ಇರುತ್ತದೆ. ಸೈಬರ್ ಸೆಂಟರಿನವರೋ ನೆಂಟರೋ ಅದರಲ್ಲಿ ಕೆಂಪು ಇಂಕಿನ ಗೆರೆ ಎಳೆದುಕೊಟ್ಟಿರುತ್ತಾರೆ: ಇದರ ಮೇಲಿನದಕ್ಕೆ ಆಸೆಪಡಬೇಡಿ, ಕೆಳಗಿನದನ್ನಷ್ಟೇ ಹಾಕಿ ಅಂತ. ಆ ಗೆರೆ ಕಂಡರೆ ನನಗೆ ಸಂಕಟವಾಗುತ್ತದೆ.

ಯಾಕೆಂದರೆ ಸೀಟು ಹಂಚುವ ಕ್ರಮ ಗೊತ್ತಿದ್ದವರು ಆ ಗೆರೆ ಎಳೆಯುವುದಿಲ್ಲ. ಪಿಯುಸಿಯ ಭೌತವಿಜ್ಞಾನ, ರಸಾಯನವಿಜ್ಞಾನ, ಗಣಿತದ ಅಂಕಗಳಿಗೆ ಅರ್ಧ ಪಾಲು, ಸಿಇಟಿಯ 180 ಅಂಕಗಳಿಗೆ ಇನ್ನರ್ಧ ಸೇರಿ ಎಂಜಿನಿಯರಿಂಗ್ ರ‍್ಯಾಂಕ್ ಆಗುತ್ತದೆ. ಸೀಟು ಹಂಚುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ (ಕೆಇಎ) ಕಂಪ್ಯೂಟರು ಒಂದನೇ ರ‍್ಯಾಂಕಿನಿಂದ ಹಿಡಿದು ಒಬ್ಬೊಬ್ಬರ ಆಪ್ಷನ್ ಪಟ್ಟಿಯನ್ನೂ ಮೇಲಿನಿಂದ ಕೆಳಕ್ಕೆ ಓದಿಕೊಂಡು ಬರುತ್ತದೆ. ಮೊದಲನೆಯದು ಖಾಲಿ ಇದ್ದರೆ ಅದನ್ನು ಕೊಡುತ್ತದೆ, ಇಲ್ಲದಿದ್ದರೆ ಎರಡನೆಯದು, ಆಮೇಲೆ ಮೂರನೆಯದು. ಮೇಲೆ ಬರೆದದ್ದು ಸಿಗಲಿಲ್ಲವೆಂದು ಕೆಳಗಿನದಕ್ಕೆ ಕೂದಲಷ್ಟೂ ಧಕ್ಕೆಯಿಲ್ಲ. ನಷ್ಟ ಆಗುವುದು ತಿರುಗಾಮುರುಗಾ ಬರೆದಾಗ. "ಹೇಗೂ ಸಿಕ್ಕೇ ಸಿಗುತ್ತೆ" ಅಂತ ಬೇಡದ ಕಾಲೇಜನ್ನು ಮೇಲಿಟ್ಟರೆ ಅದೇ ಸಿಗುತ್ತದೆ. ಕೆಳಗೆ ಬರೆದ, ನಿಜವಾಗಿ ಬೇಕಾಗಿದ್ದ ಕಾಲೇಜಿನಲ್ಲಿ ಸೀಟು ಉಳಿದಿದ್ದರೂ ಅಲ್ಲಿಯವರೆಗೆ ಯಾರೂ ನೋಡುವುದಿಲ್ಲ.

ಈ ಭಯ ಎಲ್ಲಿಂದ ಬಂತೆಂದು ನನಗೆ ಗೊತ್ತು. ಡೊನೇಷನ್ ಕೊಟ್ಟವರಿಗೇ ಸೀಟು ಅನ್ನುವ ಕಾಲವನ್ನು ನಮ್ಮ ಹಿರಿಯರು ಕಂಡಿದ್ದರು. 1984ರಲ್ಲೇ ಕ್ಯಾಪಿಟೇಷನ್ ನಿಷೇಧ ಕಾಯ್ದೆ ಬಂದಿದ್ದರೂ ಆ ಹಾವಳಿ ನಿಂತಿರಲಿಲ್ಲ. 1993ರಲ್ಲಿ ಖಾಸಗಿ ಕಾಲೇಜುಗಳ ಸೀಟನ್ನೂ ಮೆರಿಟ್ ಮೇಲೇ ಹಂಚಬೇಕೆಂದು ಸುಪ್ರೀಂ ಕೋರ್ಟ್ ಉನ್ನಿಕೃಷ್ಣನ್ ತೀರ್ಪು ಕೊಟ್ಟಿತು, ಮರುವರ್ಷ ಸಿಇಟಿ ಬಂತು, ರ‍್ಯಾಂಕ್ ಇದ್ದರೆ ಬಡವರ ಮಕ್ಕಳಿಗೂ ಸೀಟು ಅನ್ನುವುದು ಆಗ ನಿಜವಾಯಿತು. ಆದರೆ ಕೌನ್ಸೆಲಿಂಗಿಗೆ ಬೆಂಗಳೂರಿಗೇ ಹೋಗಬೇಕಿತ್ತು. ನಮ್ಮಣ್ಣನ ಜತೆ ನಾನೂ ಹೋಗಿದ್ದೆ. ಪರದೆಯ ಮೇಲೆ ಉಳಿದ ಸೀಟುಗಳ ಪಟ್ಟಿ, ನೋಡನೋಡುತ್ತಿದ್ದಂತೆ ಸೊನ್ನೆಯಾಗುವ ಅಂಕಿಗಳು. ಒಳಗಂಗಿಯ ಜೇಬಿನಲ್ಲಿದ್ದ ಡಿಡಿಯನ್ನು ಅಪ್ಪ ಮತ್ತೆಮತ್ತೆ ಮುಟ್ಟಿ ನೋಡಿಕೊಳ್ಳುತ್ತಿದ್ದರು. ಅಲ್ಲಿ ಉಳಿದದ್ದರಲ್ಲಿ ಆರಿಸಿಕೊಳ್ಳುವುದೇ ಆಯ್ಕೆಯಾಗಿತ್ತು. ಈಗ ಪದ್ಧತಿ ಬದಲಾಗಿದೆ, ಏನು ಉಳಿಯುತ್ತದೋ ತಿಳಿಯುವ ಮೊದಲೇ ಪಟ್ಟಿ ಬರೆದುಕೊಡಬೇಕು. ಅಂದಿನ ಭಯ ಮಾತ್ರ ಮನೆಗಳಲ್ಲಿ ಹಾಗೇ ಇದೆ.

ಹೊನ್ನವಳ್ಳಿ ಕಡೆಯ ಒಬ್ಬ ಹುಡುಗಿಯ ವಿಷಯ ಹೇಳಬೇಕು. ಒಂದರಿಂದ ಹತ್ತನೇ ತರಗತಿವರೆಗೆ ಊರಿನ ಕನ್ನಡ ಶಾಲೆಯಲ್ಲಿ ಓದಿದವಳು, ಪಿಯುಸಿಯಲ್ಲಿ ನನ್ನ ವಿದ್ಯಾರ್ಥಿನಿ. ಅವಳ ಅಪ್ಪ ತಂದ ಜೆರಾಕ್ಸಿನಲ್ಲೂ ಕೆಂಪು ಗೆರೆ ಇತ್ತು, ಅದೂ ಜನರಲ್ ಮೆರಿಟ್ ಕಾಲಂ ನೋಡಿ ಎಳೆದದ್ದು. ಪಕ್ಕದಲ್ಲೇ 'ಆರ್', 'ಕೆ' ಎಂಬ ಅಕ್ಷರ ಹೊತ್ತ ಕಾಲಂಗಳಿದ್ದವು. ಹಳ್ಳಿಯಲ್ಲಿ ಓದಿದವರಿಗೆ ನೂರಕ್ಕೆ 15, ಕನ್ನಡ ಮಾಧ್ಯಮದವರಿಗೆ ನೂರಕ್ಕೆ 5 ಸೀಟು ಮೀಸಲು. ಹೆಡ್‌ಮೇಷ್ಟ್ರ ಸಹಿ, ಅದರ ಮೇಲೆ ಬಿಇಒ ಮೇಲುರುಜು ಇರುವ ಸರ್ಟಿಫಿಕೇಟನ್ನು ಅವಳೇ ಓಡಾಡಿ ಮಾಡಿಸಿಟ್ಟುಕೊಂಡಿದ್ದಳು. ಅವಳ ಕಾಲಂ ಯಾವುದೆಂದು ಆ ಗೆರೆ ಎಳೆದವರು ಕೇಳಿಯೇ ಇರಲಿಲ್ಲ.

"ಏನು ಓದ್ಬೇಕಮ್ಮ ನಿಂಗೆ?" ಅಂದೆ. ಅಪ್ಪನ ಮುಖ ನೋಡಿ, ಆಮೇಲೆ ಹೇಳಿದಳು: "ಸಿವಿಲ್ ಸಾರ್."

ಅಪ್ಪ ಗಾಬರಿಯಾದರು. "ಎಲ್ರೂ ಕಂಪ್ಯೂಟರ್ ಸೈನ್ಸ್ ಅಂತಾರೆ ಮೇಷ್ಟ್ರೇ, ಇವ್ಳು ನೋಡಿ. ಹೆಣ್ಣುಮಗು, ಸೈಟಲ್ಲಿ ಬಿಸ್ಲಲ್ಲಿ ನಿಂತ್ಕೊಳಕ್ಕಾಗುತ್ತಾ? ಕೆಲ್ಸ ಸಿಗುತ್ತಾ?"

ಕೆಲಸದ ಪ್ರಶ್ನೆ ನ್ಯಾಯವಾದದ್ದೇ. ಸಿವಿಲ್, ಮೆಕ್ಯಾನಿಕಲ್ ಸೀಟುಗಳು ಎಷ್ಟೋ ಕಾಲೇಜುಗಳಲ್ಲಿ ಭರ್ತಿಯಾಗದೆ ಉಳಿಯುತ್ತಿರುವುದು ಸುಳ್ಳಲ್ಲ. ಆದರೆ ತೆಂಗಿನ ತೋಟ ಒಣಗುವುದನ್ನು ನೋಡುತ್ತಾ ಬೆಳೆದ, ಹೇಮಾವತಿ ನೀರು ಕೆರೆಗೆ ಬಂದಾಗ ಅದು ಹೇಗೆ ಮೇಲೇರಿ ಬಂತೆಂದು ತಲೆಕೆಡಿಸಿಕೊಂಡ ಹುಡುಗಿಗೆ ಇದು ಸುಮ್ಮನೆ ಹುಟ್ಟಿದ ಆಸೆಯಲ್ಲ. ನೀರಾವರಿ ಇಲಾಖೆಯ ಹುದ್ದೆಗಳು, ಗೇಟ್ ಬರೆದು ಐಐಎಸ್‌ಸಿಯಲ್ಲೋ ಸುರತ್ಕಲ್‌ನಲ್ಲೋ ಎಂಟೆಕ್ ಮಾಡುವ ದಾರಿ, ಎಲ್ಲವನ್ನೂ ಅಪ್ಪನಿಗೆ ಬಿಡಿಸಿ ಹೇಳಿದೆ. ಕಾಲೇಜಿನ ಫ್ಲೆಕ್ಸಿನಲ್ಲಿ ಹಾಕುವ ದೊಡ್ಡ ಪ್ಯಾಕೇಜು ಒಬ್ಬರಿಗೆ ಸಿಕ್ಕದ್ದಿರಬಹುದು. ಎನ್‌ಐಆರ್‌ಎಫ್‌ಗೆ ಕಾಲೇಜುಗಳು ಕೊಡುವ ಮಾಹಿತಿಯಲ್ಲಿ ನಡುಮಟ್ಟದ ಸಂಬಳ ಎಷ್ಟು, ಎಷ್ಟು ಮಕ್ಕಳಿಗೆ ಕೆಲಸ ಸಿಕ್ಕಿತು ಅನ್ನುವುದಿರುತ್ತದೆ, ಅದನ್ನು ನೋಡಿ ಅಂದೆ.

ಆಮೇಲೆ ಅವಳ ಕೈಗೇ ಪೆನ್ನು ಕೊಟ್ಟೆ. ಮೊದಲು ಬರೆದದ್ದು ಯುವಿಸಿಇ ಸಿವಿಲ್. 1917ರಲ್ಲಿ ವಿಶ್ವೇಶ್ವರಯ್ಯನವರ ಆಸ್ಥೆಯಿಂದ ಶುರುವಾದ, ಕೆ.ಆರ್. ಸರ್ಕಲ್ಲಿನ ಕಲ್ಲುಕಟ್ಟಡದ ಕಾಲೇಜು. ಆಮೇಲೆ ಮೈಸೂರಿನ ಎನ್‌ಐಇ, ಹಾಸನದ ಮಲೆನಾಡು ಕಾಲೇಜು, ಮಂಡ್ಯದ ಪಿಇಎಸ್. ಕಂಪ್ಯೂಟರ್ ಸೈನ್ಸನ್ನೂ ಬರೆದಳು, ಅಪ್ಪನಿಗಾಗಿ, ಇವೆಲ್ಲದರ ಕೆಳಗೆ. "ಮೊದಲನೇದು ಸಿಗುತ್ತಾ ಮೇಷ್ಟ್ರೇ?" ಅಂದರು ಅವರು. ಸಿಗದಿದ್ದರೂ ಕಳೆದುಕೊಳ್ಳುವುದೇನೂ ಇಲ್ಲವೆಂದು ವಿವರಿಸಿದಾಗ ಆ ಜೆರಾಕ್ಸನ್ನು ಮಡಚಿ ಜೇಬಿಗಿಟ್ಟುಕೊಂಡರು.

ನಿಜವಾದ ಹಂಚಿಕೆಗೆ ಮೊದಲು ಕೆಇಎ ನಡೆಸುವ ಅಣಕು ಹಂಚಿಕೆಯಲ್ಲಿ ಹಾಸನ ಬಂತು. ಅಪ್ಪ ಒಬ್ಬರೇ ರೈಲು ಹತ್ತಿ ಹೋಗಿ ಕಾಲೇಜು ನೋಡಿಬಂದರು. ಹಾಸ್ಟೆಲಿನ ಊಟದ ಮನೆ, ಗೇಟಿನಿಂದ ಬಸ್‌ಸ್ಟಾಪಿಗೆ ಎಷ್ಟು ದೂರ, ಸರ್ವೆ ಲ್ಯಾಬಿನಲ್ಲಿ ಉಪಕರಣಗಳ ಮೇಲೆ ಧೂಳು ಕೂತಿದೆಯೋ ಮಕ್ಕಳ ಕೈಯಲ್ಲಿವೆಯೋ, ಎಲ್ಲ ವಿಚಾರಿಸಿದ್ದರು. ಅಂಗಳದಲ್ಲಿ ಮೂರುಕಾಲಿನ ಉಪಕರಣದ ಹಿಂದೆ ಹುಡುಗಿಯರೇ ನಿಂತಿದ್ದರಂತೆ. ಮಕ್ಕಳನ್ನು ಸೇರಿಸುವ ಮೊದಲು ಎಲ್ಲ ತಂದೆತಾಯಿಯರೂ ಹೀಗೆ ಪಾಠ ನಡೆಯುವ ದಿನವೇ ಹೋಗಿ ನೋಡಬೇಕು, ಓಪನ್ ಡೇ ದಿನವಲ್ಲ.

ಮೊದಲ ಸುತ್ತಿನಲ್ಲೂ ಹಾಸನವೇ ಸಿಕ್ಕಿತು. ಸೀಟು ಸಿಕ್ಕ ಮೇಲೆ ನಾಲ್ಕು ಛಾಯ್ಸ್‌ಗಳಲ್ಲಿ ಒಂದನ್ನು ಒತ್ತಬೇಕು. ಛಾಯ್ಸ್ ಒಂದು ಒತ್ತಿದರೆ ಸಿಕ್ಕ ಸೀಟಿಗೇ ಸೇರಬೇಕು, ಅಲ್ಲಿಗೆ ಮುಗಿಯಿತು. ಎರಡು ಒತ್ತಿದರೆ ಕೈಯಲ್ಲಿರುವ ಸೀಟು ಇಟ್ಟುಕೊಂಡೇ ಮೇಲಿನದಕ್ಕೆ ಮುಂದಿನ ಸುತ್ತಿನಲ್ಲಿ ಕಾಯಬಹುದು. ಮೂರು ಅಂದರೆ ಇದನ್ನು ಬಿಟ್ಟು ಕಾಯುವುದು, ನಾಲ್ಕು ಅಂದರೆ ಪೂರ್ತಿ ಹೊರಗೆ. ಅಪ್ಪ "ಒಂದೇ ಒತ್ತು, ಇರೋದನ್ನ ಉಳಿಸ್ಕೋ" ಅಂದರು. ಅವಳು ನಿಯಮವನ್ನು ಅವರಿಗೆ ಓದಿ ಹೇಳಿ ಎರಡು ಒತ್ತಿದಳು. ಎರಡನೇ ಸುತ್ತಿನಲ್ಲಿ ಬದಲಾಗಲಿಲ್ಲ, ಹಾಸನಕ್ಕೇ ಹೋದಳು. ಈಗಲೂ ಡಿಫರೆನ್ಷಿಯಲ್ ಈಕ್ವೇಷನ್ನಿನಲ್ಲಿ ಅನುಮಾನ ಬಂದರೆ ಲೆಕ್ಕದ ಫೋಟೊ ತೆಗೆದು ನನಗೆ ವಾಟ್ಸಾಪ್ ಮಾಡುತ್ತಾಳೆ. ಬಿಡಿಸಿ ಕಳಿಸುತ್ತೇನೆ.